ಹೆಂಚಿನ ಮಾಡಿನ ಕೆಳಗೆ ಹಾರ್ಬೆತ್ ಮತ್ತು ಹೆರೆಸಿ

ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಮೂಟೆ ಪೇರಿಸಿಡುತ್ತಿದ್ದ ಕೋಣೆಯನ್ನು ಸಂಗೀತ ಕೇಳುವುದಕ್ಕೆಂದೇ ತೆರವು ಮಾಡಿಸಿದ ಮೇಲೆ, ಸ್ಪೀಕರಿನ ಆಯ್ಕೆ ಎರಡಕ್ಕೆ ಬಂದು ನಿಂತಿತು: ಇಂಗ್ಲೆಂಡಿನ ಹಾರ್ಬೆತ್ ಸೂಪರ್ ಎಚ್‌ಎಲ್5 ಪ್ಲಸ್ ಮತ್ತು ಅಮೆರಿಕದ ಕ್ಲಿಪ್ಶ್ ಹೆರೆಸಿ 4. ಎರಡೂ ಲಕ್ಷಗಳ ಬಾಬತ್ತು. ಬೆಂಗಳೂರಿನ ಅಂಗಡಿಯಲ್ಲಿ ಕೇಳಿದಾಗ ಹೆರೆಸಿಯೇ ಸರಿ ಎಂದುಕೊಂಡಿದ್ದೆ. ಸ್ನೇಹಿತರಿಂದ ಎರವಲು ತಂದ ಎರಡೂ ಜೋಡಿಗಳು ಆಷಾಢದಲ್ಲಿ ಹತ್ತು ದಿನ ಮನೆಯಲ್ಲಿದ್ದ ಬಳಿಕ ಆ ನಿಶ್ಚಯ ಉಳಿಯಲಿಲ್ಲ.

ಹೆರೆಸಿಯ ಮೂಲ ವಿನ್ಯಾಸ 1957ರದು. ಕೆಳಗಿನ ಸ್ವರಗಳ 12 ಇಂಚಿನ ವೂಫರಿನ ಮೇಲೆ ಮಧ್ಯ ಮತ್ತು ಮೇಲಿನ ಸ್ವರಗಳಿಗೆ ತುತ್ತೂರಿಯ ಬಾಯಿಯಂಥ ಹಾರ್ನ್‌ಗಳಿರುವುದರಿಂದ ಅದರ ಸಂವೇದನೆ, ಅಂದರೆ ಅಷ್ಟೇ ಶಕ್ತಿಗೆ ಹೊರಡಿಸುವ ಸದ್ದು, 99 ಡೆಸಿಬೆಲ್. ಹಾರ್ಬೆತ್‌ನದು 86. ಈ 13 ಡೆಸಿಬೆಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಸುಮಾರು 20 ಪಟ್ಟು: ಹಾರ್ಬೆತ್ 40 ವಾಟ್ ಕೇಳುವಲ್ಲಿ ಹೆರೆಸಿಗೆ 2 ವಾಟ್ ಸಾಕು. ಮಳೆಗಾಲದಲ್ಲಿ ಅರ್ಧ ರಾತ್ರಿ ಇನ್ವರ್ಟರ್ ಮೇಲೆ ಬದುಕುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಯಕ್ಷಗಾನದ ಧ್ವನಿಮುದ್ರಣ ಹಾಕಿದಾಗ ಹೆರೆಸಿಗೆ ಎದುರಿಲ್ಲ. ಚಂಡೆಯ ಪೆಟ್ಟು ಎದೆಗೇ ಬಂದು ಬೀಳುತ್ತದೆ. ಹಾರ್ಬೆತ್‌ನಲ್ಲಿ ಅದೇ ಚಂಡೆ ಆಚೆ ಗದ್ದೆಯಲ್ಲಿ ಬಾರಿಸಿದಂತೆ ಕೇಳಿಸುತ್ತದೆ. ಆದರೆ ನಾನು ದಿನವೂ ಕೇಳುವುದು ಮನುಷ್ಯರ ದನಿಯನ್ನು. ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆಯನ್ನು ಹೆರೆಸಿ ಎರಡು ಹೆಜ್ಜೆ ಮುಂದೆ ತಂದು ನಿಲ್ಲಿಸಿತು. ಮೊದಲು ಬೆರಗಾಯಿತು, ಮುಕ್ಕಾಲು ಗಂಟೆಯ ನಂತರ ಪ್ರತಿ ಸಕಾರ, ಷಕಾರಕ್ಕೂ ಕಿವಿ ಹಿಂಜರಿಯತೊಡಗಿತು. ಹಾರ್ಬೆತ್‌ನಲ್ಲಿ ಅದೇ ದನಿಗೆ ಎದೆಯ ಆಳವಿತ್ತು, ಸಾಲು ಮುಗಿದ ಮೇಲೆ ಒಳಗೆಳೆದುಕೊಂಡ ಉಸಿರೂ ಇತ್ತು. 1977ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಡಡ್ಲಿ ಹಾರ್ವುಡ್ ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದವರು. ಪೆಟ್ಟಿಗೆಯ ಗೋಡೆಯನ್ನು ದಪ್ಪಗೆ ಮಾಡಿ ಬಿಗಿಯುವ ಬದಲು, ತೆಳು ಹಲಗೆಗೆ ಕಂಪನ ತಗ್ಗಿಸುವ ಪದರ ಅಂಟಿಸಿ, ಉಳಿದ ಅದುರುವಿಕೆ ದನಿಯ ಮುಖ್ಯ ಸ್ಥಾಯಿಗಳಿಂದ ಕೆಳಗಿರುವಂತೆ ನೋಡಿಕೊಳ್ಳುವ ಬಿಬಿಸಿಯ ಪದ್ಧತಿ ಇಂದಿಗೂ ಅಲ್ಲಿ ನಡೆದುಬಂದಿದೆ.

ಕೋಣೆಯದೇ ಬೇರೆ ತಕರಾರು. ನಮ್ಮದು 18 ಅಡಿ ಉದ್ದ, 12 ಅಡಿ ಅಗಲ. ಇಂಥ ಅಳತೆಯಲ್ಲಿ ಕೋಣೆಯ ಉದ್ದದಲ್ಲಿ ಸುಮಾರು 31 ಮತ್ತು 62 ಹರ್ಟ್ಸ್, ಅಗಲದಲ್ಲಿ 47 ಹರ್ಟ್ಸ್‌ನ ಕೆಳಸ್ವರಗಳು ಎದುರುಬದುರು ಗೋಡೆಗಳ ನಡುವೆ ಪುಟಿದು ನಿಂತ ಅಲೆಗಳಾಗಿ ಉಬ್ಬುತ್ತವೆ. ಹಿಂಗೋಡೆಗೆ ಒರಗಿ ಕುಳಿತರೆ ಮೃದಂಗದ ತೊಪ್ಪಿ (ಎಡಮುಖ) ಗುಂಯ್ ಎಂದು ಹರಡಿ, ನುಡಿತವೇ ಗೊತ್ತಾಗುತ್ತಿರಲಿಲ್ಲ. ಕುರ್ಚಿಯನ್ನು ಮೂರಡಿ ಮುಂದೆ ಎಳೆದಾಗ ಬೆರಳಿನ ಪೆಟ್ಟು ಬಿಡಿಬಿಡಿಯಾಗಿ ಕೇಳಿಸಿತು. ಮೂಲೆಗೆ ನಿಲ್ಲಿಸಿದ ಹಳೆಯ ಹತ್ತಿ ಹಾಸಿಗೆಗಳು ಚಪ್ಪಾಳೆಯ ಮಾರ್ದನಿಯನ್ನು ನುಂಗಿದವೇ ಹೊರತು ಈ ಗುಂಯ್‌ಗುಡುವಿಕೆಗೆ ಏನೂ ಮಾಡಲಿಲ್ಲ. ಹೆರೆಸಿ 4ರ ಗಾಳಿಕಿಂಡಿ ಬೆನ್ನಿಗಿರುವುದರಿಂದ ಅದನ್ನು ಗೋಡೆಯಿಂದ ಇನ್ನಷ್ಟು ದೂರ ತರಬೇಕಾಯಿತು. ಕೋಣೆ ಅಷ್ಟು ಜಾಗ ಕೊಡಲಿಲ್ಲ.

ತೇವದ ಭಯವೂ ಇತ್ತು. ನನ್ನ ಹಿಂದಿನ ಸ್ಪೀಕರುಗಳ ಫೋಮ್ ಅಂಚು ನಾಲ್ಕನೆಯ ಮಳೆಗಾಲಕ್ಕೆ ಬೆರಳು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ಹಾರ್ಬೆತ್‌ನ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಭಾಗ, ಪ್ಲಾಸ್ಟಿಕ್ ಜಾತಿಯದು, ಅಂಚು ರಬ್ಬರಿನದು. ಆ ಮಟ್ಟಿಗೆ ನಿಶ್ಚಿಂತೆ.

ಹಾರ್ಬೆತ್ ಕೊಂಡೆ. ಜೋರು ಮಳೆ ಹೆಂಚಿನ ಮೇಲೆ ಬಿದ್ದಾಗ ಅದು ಸೋಲುತ್ತದೆ, ಹೆರೆಸಿ ಸೋಲುತ್ತಿರಲಿಲ್ಲ. ಆದರೆ ಅಂಥ ಮಳೆಯ ಮೇಲೆ ಗೆಲ್ಲುವಷ್ಟು ಸದ್ದು ಮಾಡಿದರೆ ಮನೆಯ ಉಳಿದವರು ಸುಮ್ಮನಿರುವುದಿಲ್ಲ. ಕೆಳಗೆ 16 ಇಂಚಿನ ಸ್ಟ್ಯಾಂಡುಗಳನ್ನು ಊರಿನ ಆಚಾರ್ರೇ ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದಾರೆ. ಚಂಡೆ ಕೇಳಬೇಕೆನಿಸಿದ ದಿನ ಮಾತ್ರ ಹೆರೆಸಿಯಿರುವ ಸ್ನೇಹಿತನ ಮನೆಗೆ ಹೋಗುತ್ತೇನೆ.