ಬೆಂಕಿಯ ಪ್ರೇಮವೋ, ಕಡಲಿನ ಪ್ರೇಮವೋ?

ಉಡುಪಿಯಲ್ಲಿ ಜಡಿಮಳೆ ಹಿಡಿದ ಭಾನುವಾರ, ಹಳೇ ಕಾಲದ ನಿಧಾನ ಪ್ರೇಮಕಥೆ ನೋಡೋಣ ಅನ್ನುವವರಿಗೆ ಎರಡು ಸಿನಿಮಾ ಹೇಳುತ್ತೇನೆ. ಸೆಲಿನ್ ಸಿಯಾಮಾ ಅವರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ (2019), ಜೇನ್ ಕ್ಯಾಂಪಿಯನ್ ಅವರ ‘ದಿ ಪಿಯಾನೊ’ (1993).

ಮೊದಲನೆಯದು 18ನೇ ಶತಮಾನದ ಫ್ರಾನ್ಸಿನ ಕರಾವಳಿಯದು. ಮದುವೆ ನಿಶ್ಚಯವಾಗುತ್ತಿರುವ ಹುಡುಗಿ ಎಲೋಯಿಸಳ ಚಿತ್ರ ಬರೆಯಲು ಮರಿಯಾನ ಎಂಬ ಚಿತ್ರಕಾರ್ತಿ ಬರುತ್ತಾಳೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು. ಒಲೆಯ ಚಟಪಟ, ಕುಂಚದ ಸದ್ದು, ಅಲೆಗಳ ಮೊರೆತ, ಅಷ್ಟೇ. ಒಂದು ರಾತ್ರಿ ಹೆಂಗಸರು ಬೆಂಕಿಯ ಬಳಿ ನಿಂತು ಹಾಡುತ್ತಾರೆ. ಎಲೋಯಿಸಳ ಬಟ್ಟೆಯ ಅಂಚಿಗೆ ಬೆಂಕಿ ತಗಲುತ್ತದೆ. ಅವಳು ಕಿರುಚುವುದಿಲ್ಲ, ಎದುರಿಗಿರುವ ಮರಿಯಾನಳನ್ನೇ ನೋಡುತ್ತಾಳೆ. ಸಿನಿಮಾ ಅಷ್ಟು ಹೊತ್ತು ಕಾಯಿಸಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ.

‘ದಿ ಪಿಯಾನೊ’ದಲ್ಲಿ ನೀರು, ಕೆಸರು ಜಾಸ್ತಿ. 19ನೇ ಶತಮಾನದ ನ್ಯೂಜಿಲೆಂಡ್. ಮಾತಾಡದ ಏಡಾಳ ಪಿಯಾನೊವನ್ನು ಕಡಲತೀರದಲ್ಲೇ ಬಿಟ್ಟು ಬರುತ್ತಾರೆ, ಅಲೆಗಳು ಅದರ ಹತ್ತಿರ ಬರುತ್ತಿರುತ್ತವೆ. ಮಲ್ಪೆ, ಪಡುಬಿದ್ರಿಯ ಮಳೆಗಾಲದ ಕಡಲು ನೋಡಿದವರಿಗೆ ಆ ದೃಶ್ಯ ನೇರವಾಗಿ ತಾಗುತ್ತದೆ, ಅಲ್ವಾ? ಮೈಕಲ್ ನೈಮನ್ ಸಂಗೀತವೇ ಅವಳ ಮಾತು. ಕಥೆ ಸ್ವಲ್ಪ ಬೇಗ ಸಾಗುತ್ತದೆ. ಆದರೆ ಹಿಂಸೆಯಿದೆ, ಒತ್ತಾಯದ ಒಪ್ಪಂದವೂ ಇದೆ. ಮಕ್ಕಳೊಂದಿಗೆ ಬೇಡ.

ನಿಧಾನ ಸಿನಿಮಾ ಅಭ್ಯಾಸವಿಲ್ಲದಿದ್ದರೆ ‘ದಿ ಪಿಯಾನೊ’ದಿಂದ ಶುರು ಮಾಡಿ. ಒಂದನ್ನೇ ಆರಿಸಿ ಅಂದರೆ ನನ್ನ ಮತ ಬೆಂಕಿಗೇ. ಫೋನ್ ಪಕ್ಕಕ್ಕಿಟ್ಟು, ಶೀಟಿನ ಮೇಲೆ ಮಳೆ ಜೋರಾಗುವ ಮೊದಲೇ ಹೆಡ್‌ಫೋನ್ ಹಾಕಿಕೊಳ್ಳಿ.