ಎರಡನೆಯ ರ‍್ಯಾಮ್ ಹಾಕಿಸಿದರೆ ಆಟ ಸುಧಾರಿಸುತ್ತದೆಯೇ? ಹುಬ್ಬಳ್ಳಿಯ ಒಂದು ಅಂಗಡಿ, ಎರಡು ಯಂತ್ರಗಳು

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿರುವ ಚಿಕ್ಕ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಅಕ್ಕನ ಮಗನ ಡೆಸ್ಕ್‌ಟಾಪ್‌ಗೆ ಇನ್ನೊಂದು 8 ಜಿಬಿ ರ‍್ಯಾಮ್ (ಓಡುತ್ತಿರುವ ಕಾರ್ಯಕ್ರಮಗಳ ದತ್ತಾಂಶವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಹಾಕಿಸಿದೆವು. ಆ ರ‍್ಯಾಮ್‌ನಿಂದ ಆದ ಪ್ರಯೋಜನವನ್ನೂ ಅದನ್ನು ಹಾಕಿಕೊಟ್ಟವರ ಕೆಲಸದ ರೀತಿಯನ್ನೂ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು. ವಿದ್ಯಾನಗರದ ಹಾಸ್ಟೆಲ್‌ಗಳಲ್ಲಿ, ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ಓದುವ ಹುಡುಗರು ಆಟ ತಡವರಿಸತೊಡಗಿದ ಕೂಡಲೇ ಕೇಳುವ ಪ್ರಶ್ನೆ ಇದೊಂದೇ, ಮತ್ತು ಅವರಿಗೆ ಬಹುತೇಕ ಸಿಗುವ ಉತ್ತರವೂ ಒಂದೇ: ರ‍್ಯಾಮ್ ಹೆಚ್ಚಿಸು. ಈ ಡೆಸ್ಕ್‌ಟಾಪ್‌ನ ಮಟ್ಟಿಗೆ ಆ ಉತ್ತರ ಸರಿಯಾಗಿತ್ತು. ಜೊತೆಯಲ್ಲಿ ಒಯ್ದಿದ್ದ ಲ್ಯಾಪ್‌ಟಾಪ್‌ನ ಮಟ್ಟಿಗೆ ಅದು ತಪ್ಪಾಗಿತ್ತು, ಮತ್ತು ಅದನ್ನು ಅಂಗಡಿಯವರೇ ತೋರಿಸಿಕೊಟ್ಟು ಆ ವ್ಯಾಪಾರವನ್ನು ಬಿಟ್ಟುಕೊಟ್ಟರು.

ಡೆಸ್ಕ್‌ಟಾಪ್‌ನಲ್ಲಿರುವುದು ರೈಜ಼ನ್ 5 5600ಜಿ ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ; ಪ್ರೊಸೆಸರ್‌ನೊಳಗೇ ಇರುವ ವೇಗಾ ಗ್ರಾಫಿಕ್ಸ್‌ನಿಂದಲೇ ಎಲ್ಲವೂ ನಡೆಯಬೇಕು. ಮದರ್‌ಬೋರ್ಡ್‌ನಲ್ಲಿ ಎರಡು ಸ್ಲಾಟ್‌ಗಳಿದ್ದು, ಒಂದರಲ್ಲಿ 8 ಜಿಬಿಯ ಡಿಡಿಆರ್4 3200 ಸ್ಟಿಕ್ (ರ‍್ಯಾಮ್‌ನ ಪಟ್ಟಿ; 3200 ಎಂಬುದು ಅದರ ವೇಗ) ಇತ್ತು, ಇನ್ನೊಂದು ಖಾಲಿ. ನಾವು ಕೇಳಲು ಹೋದದ್ದು 16 ಜಿಬಿಯ ಒಂದು ಸ್ಟಿಕ್. ಹಳೆಯದನ್ನು ತೆಗೆದು ಇದನ್ನು ಹಾಕಿಸಿದರೆ ಮುಂದೆ ಇನ್ನೊಂದಕ್ಕೆ ಜಾಗ ಉಳಿಯುತ್ತದೆ ಎಂಬುದು ಹುಡುಗನ ಲೆಕ್ಕ.

ಅಂಗಡಿಯವರು ಮೊದಲು ಕ್ಯಾಬಿನೆಟ್ ಬಿಚ್ಚಲಿಲ್ಲ. ತಮ್ಮ ಮಾನಿಟರ್‌ಗೆ ಜೋಡಿಸಿ, ಆಟವನ್ನು ಶುರು ಮಾಡಿಸಿ, ಯಂತ್ರದ ಬಳಕೆಯನ್ನು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಪುಟ ತೆರೆದರು. 8 ಜಿಬಿಯಲ್ಲಿ 2 ಜಿಬಿಯನ್ನು ಗ್ರಾಫಿಕ್ಸ್‌ಗೆಂದು ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮದರ್‌ಬೋರ್ಡ್‌ನ ತಂತ್ರಾಂಶ) ಮೊದಲೇ ತೆಗೆದಿಟ್ಟಿತ್ತು. ಉಳಿದದ್ದರಲ್ಲಿ ವಿಂಡೋಸ್ 11, ಹಿನ್ನೆಲೆಯಲ್ಲಿ ಬ್ರೌಸರ್, ಮೇಲೆ ಆಟ. ಬಳಕೆಯ ರೇಖೆ ತುದಿಗೆ ತಾಗಿ ಅಲ್ಲಿಯೇ ನಿಂತಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕ್‌ನ ಪೇಜ್ ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ಡಿಸ್ಕ್ ಎಷ್ಟೇ ವೇಗದ ಎಸ್‌ಎಸ್‌ಡಿಯಾಗಿದ್ದರೂ ರ‍್ಯಾಮ್‌ನ ವೇಗಕ್ಕೆ ಸಮನಾಗದ ಕಾರಣ, ಆ ಹೋಗಿಬರುವ ಹೊತ್ತಿನಲ್ಲಿ ಪರದೆಯ ಮೇಲಿನ ಆಟ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆ ಊರೊಳಗೆ ಕಾಲಿಟ್ಟ ಕೂಡಲೇ ಆಗುತ್ತಿದ್ದುದು ಇದೇ. ಆ ಆಟ ಕೇಳುವುದು ಕನಿಷ್ಠ 8 ಜಿಬಿ, ಶಿಫಾರಸು 12 ಜಿಬಿ.

ಆಮೇಲೆ ಅಂಗಡಿಯವರು ಹೇಳಿದ್ದು, "ಇರೋ ಎಂಟು ಜಿಬಿ ಒಂದ ಸ್ಟಿಕ್‌ನ್ಯಾಗ ಐತ್ರಿ ಸರ. ಇದನ್ನ ತಗದು ಹದಿನಾರರದ್ದು ಒಂದ ಹಾಕೂದು ಬ್ಯಾಡ, ಇದಕ್ಕ ಜೋಡಿ ಇನ್ನೊಂದು ಎಂಟರದ್ದ ಕೂಡಸೂಣು."

ಈ ಮಾತಿನ ಬೆಲೆ ಏನೆಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಎಷ್ಟೋ ಮಂದಿ ಹಣ ಕಳೆದುಕೊಳ್ಳುವುದು ಇಲ್ಲಿಯೇ. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಎರಡು ದಾರಿಗಳಿವೆ. ಒಂದೇ ಸ್ಟಿಕ್ ಇದ್ದರೆ ಒಂದು ದಾರಿ ಮುಚ್ಚಿದಂತೆಯೇ. ಡಿಡಿಆರ್4 3200ರಲ್ಲಿ ಒಂದು ದಾರಿಯಿಂದ ಸೆಕೆಂಡಿಗೆ ಗರಿಷ್ಠ 25.6 ಜಿಬಿ ದತ್ತಾಂಶ ಸಾಗಬಲ್ಲದು, ಎರಡೂ ತೆರೆದರೆ 51.2 ಜಿಬಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕಾರ್ಡ್‌ಗೆ ತನ್ನದೇ ಮೆಮೊರಿ ಇರುತ್ತದೆ. ಜಿಟಿಎಕ್ಸ್ 1650ರಂಥ ಸಾಧಾರಣ ಕಾರ್ಡ್‌ನ ಮೆಮೊರಿಯೂ ಸೆಕೆಂಡಿಗೆ 128 ಜಿಬಿ ಒದಗಿಸುತ್ತದೆ. ಆದರೆ 5600ಜಿಯೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಎಂಬುದೇ ಇಲ್ಲ. ಪ್ರೊಸೆಸರ್ ಉಣ್ಣುವ ತಟ್ಟೆಯಲ್ಲಿಯೇ ಅದೂ ಉಣ್ಣಬೇಕು. ಹಾಗಾಗಿ 16 ಜಿಬಿಯ ಒಂದು ಸ್ಟಿಕ್ ಹಾಕಿಸಿದ್ದರೆ ತಡವರಿಕೆ ನಿಲ್ಲುತ್ತಿತ್ತೇ ಹೊರತು ಫ್ರೇಮ್‌ಗಳ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ) ಸಂಖ್ಯೆ ಹೆಚ್ಚುತ್ತಿರಲಿಲ್ಲ. 8ರ ಜೋಡಿಯಿಂದ ಎರಡೂ ಸಾಧ್ಯವಾಯಿತು, ಅದೂ ಕಡಿಮೆ ಖರ್ಚಿನಲ್ಲಿ.

ಮನೆಗೆ ಬಂದು ಅದೇ ಸೆಟ್ಟಿಂಗ್‌ಗಳಲ್ಲಿ ಜಿಟಿಎ 5 ಆಡಿಸಿ ನೋಡಿದಾಗ, ಮೊದಲು ಸೆಕೆಂಡಿಗೆ ನಲವತ್ತರ ಆಸುಪಾಸಿನಲ್ಲಿ ಏರಿಳಿಯುತ್ತಿದ್ದ ಫ್ರೇಮ್‌ಗಳು ಅರವತ್ತರ ಹತ್ತಿರ ಬಂದು ನೆಲೆಸಿದ್ದವು. ಸರಾಸರಿಗಿಂತ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ತೀರ ಕೆಳಗಿನ ಅಂಕಿ. ಕಾರು ವೇಗವಾಗಿ ಪೇಟೆಯೊಳಗೆ ನುಗ್ಗುವಾಗ ಆಟ ಇಪ್ಪತ್ತರ ಕೆಳಗೆ ಕುಸಿಯುತ್ತಿದ್ದದ್ದು ಪೂರ್ತಿ ನಿಂತಿದೆ. ಆಡುವವನ ಕೈಗೆ ತಿಳಿಯುವುದು ಈ ಕುಸಿತವೇ; ಆದ್ದರಿಂದ ರ‍್ಯಾಮ್‌ನ ಪ್ರಯೋಜನವನ್ನು ಸರಾಸರಿ ಫ್ರೇಮ್‌ಗಳಿಂದ ಮಾತ್ರ ಅಳೆಯುವವರ ಲೆಕ್ಕ ಅರ್ಧ ಲೆಕ್ಕ. ವ್ಯಾಲರಂಟ್‌ನಂಥ ಹಗುರ ಆಟ ಮೊದಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ.

ಇನ್ನು ಲ್ಯಾಪ್‌ಟಾಪ್. ಅದರಲ್ಲಿ 8ರ ಎರಡು ಸ್ಟಿಕ್‌ಗಳು ಮೊದಲೇ ಇದ್ದವು, ಜೊತೆಗೆ 4 ಜಿಬಿಯ ಜಿಟಿಎಕ್ಸ್ 1650. ಸೈಬರ್‌ಪಂಕ್ 2077 ಸರಿಯಾಗಿ ಓಡುತ್ತಿಲ್ಲವೆಂದು 32 ಜಿಬಿ ಮಾಡಿಸುವ ವಿಚಾರವಿತ್ತು. ಆಟ ಓಡುತ್ತಿರುವಾಗ ಪರೀಕ್ಷಿಸಿದರೆ ರ‍್ಯಾಮ್‌ನಲ್ಲಿ ಇನ್ನೂ ಧಾರಾಳ ಜಾಗವಿತ್ತು; ತುಂಬಿ ಹೋಗಿದ್ದದ್ದು ಗ್ರಾಫಿಕ್ಸ್‌ನ 4 ಜಿಬಿ. ಆ ಆಟಕ್ಕೆ 2023ರಲ್ಲಿ 2.0 ಆವೃತ್ತಿ ಬಂದ ಮೇಲೆ ಕನಿಷ್ಠ ಅಗತ್ಯವೇ 12 ಜಿಬಿ ರ‍್ಯಾಮ್ ಮತ್ತು 6 ಜಿಬಿ ಗ್ರಾಫಿಕ್ಸ್ ಮೆಮೊರಿ ಎಂದಾಗಿದೆ. ಕಾರ್ಡ್‌ನ ಮೆಮೊರಿ ಸಾಲದೆ ಬಂದ ತೊಂದರೆಗೆ ಮದರ್‌ಬೋರ್ಡ್‌ನ ಮೆಮೊರಿ ಮದ್ದಲ್ಲ. ಅಂಗಡಿಯವರು ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರಗಳ) ಗುಣಮಟ್ಟವನ್ನು ಇಳಿಸಿದರು, ಲ್ಯಾಪ್‌ಟಾಪ್‌ನ ತಳ ಬಿಚ್ಚಿ ಫ್ಯಾನ್‌ಗೆ ಮೆತ್ತಿಕೊಂಡಿದ್ದ ದಪ್ಪ ಧೂಳನ್ನು ಬ್ರಷ್ಷಿನಿಂದ ತೆಗೆದರು. ಕೇವಲ ಸ್ವಚ್ಛಗೊಳಿಸಿದ ಕೂಲಿಯನ್ನಷ್ಟೇ ತೆಗೆದುಕೊಂಡರು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಆ ಧೂಳು ತೆಗೆಸಿದ್ದರಿಂದಲೇ ಆಟದಲ್ಲಿ ವ್ಯತ್ಯಾಸ ಕಂಡಿತು.

ಈ ಪ್ರಾಮಾಣಿಕತೆ ಈಗ ಮೊದಲಿಗಿಂತ ಹೆಚ್ಚು ಮುಖ್ಯ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯವಹಾರದಿಂದಲೇ ಹೊರನಡೆಯುವುದಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಘೋಷಿಸಿತು. ಹಿಂದೆ ಬೇಡದ ರ‍್ಯಾಮ್ ಹಾಕಿಸಿದರೆ ಹೋಗುತ್ತಿದ್ದದ್ದು ಸಣ್ಣ ಮೊತ್ತ. ಈಗ ಹಾಗಲ್ಲ.

ಕೊರತೆಗಳನ್ನೂ ಹೇಳಬೇಕು. ಬಿಲ್ಲಿನಲ್ಲಿ ಸ್ಟಿಕ್‌ನ ಸೀರಿಯಲ್ ನಂಬರ್ ಬರೆದಿರಲಿಲ್ಲ, ನಾವು ಕೇಳಿದ ಮೇಲೆ ಬರೆದುಕೊಟ್ಟರು. ರ‍್ಯಾಮ್‌ಗೆ ಹಲವು ಕಂಪನಿಗಳು ದೀರ್ಘಕಾಲದ ವಾರಂಟಿ ಕೊಡುವಾಗ ಈ ನಂಬರ್ ಗಿರಾಕಿ ಕೇಳುವ ಮೊದಲೇ ಬಿಲ್ಲಿನಲ್ಲಿರಬೇಕು. ಹೊಸ ಸ್ಟಿಕ್ ಹಾಕಿದ ಮೇಲೆ ಮೆಮೊರಿ ಪರೀಕ್ಷೆಯನ್ನು ಪೂರ್ತಿ ನಡೆಸದೆ ಯಂತ್ರವನ್ನು ನಮ್ಮ ಕೈಗಿತ್ತರು. ಮನೆಯಲ್ಲಿ ರಾತ್ರಿಯಿಡೀ ನಡೆಸಿದೆವು, ದೋಷವೇನೂ ಕಾಣಲಿಲ್ಲ. ಆದರೆ ವೇಗದ ವಿಷಯದಲ್ಲಿ ಅವರು ಎಚ್ಚರ ವಹಿಸಿದ್ದನ್ನು ಮೆಚ್ಚಲೇಬೇಕು. ಬೇರೆ ಬೇರೆ ವೇಗದ ಎರಡು ಸ್ಟಿಕ್ ಹಾಕಿದರೆ ಎರಡೂ ನಿಧಾನದ ಸ್ಟಿಕ್‌ನ ವೇಗಕ್ಕೇ ಇಳಿಯುತ್ತವೆ. ಕೆಲವು ಸ್ಟಿಕ್‌ಗಳ ಪೊಟ್ಟಣದ ಮೇಲೆ 3200 ಎಂದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆಯನ್ನು ಆನ್ ಮಾಡುವವರೆಗೆ 2133 ಅಥವಾ 2400ರಲ್ಲಿಯೇ ಓಡುತ್ತವೆ. ಹಳೆಯ ಸ್ಟಿಕ್‌ನ ಚೀಟಿ ಓದಿ, ಅದಕ್ಕೆ ಸರಿಹೊಂದುವುದನ್ನೇ ಹುಡುಕಿ ಕೊಟ್ಟು, ಟಾಸ್ಕ್ ಮ್ಯಾನೇಜರ್‌ನಲ್ಲಿ 3200 ಎಂದು ಕಂಡ ಮೇಲೆಯೇ ಕ್ಯಾಬಿನೆಟ್ ಮುಚ್ಚಿದರು. ನಾಲ್ಕು ಸ್ಲಾಟ್‌ಗಳ ಬೋರ್ಡ್ ಇರುವವರು ಇನ್ನೊಂದನ್ನು ಗಮನಿಸಬೇಕು: ಎರಡು ಸ್ಟಿಕ್‌ಗಳನ್ನು ಅಕ್ಕಪಕ್ಕ ಸಿಕ್ಕಿಸದೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು.

16 ಜಿಬಿ ದಾಟಿ 32ಕ್ಕೆ ಹೋಗುವುದು ಆಟದ ಮಟ್ಟಿಗೆ ಕೆಲವರಿಗಷ್ಟೇ ಅಗತ್ಯ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಶಿಫಾರಸು ಮಾಡುವುದೇ 32 ಜಿಬಿ. ಆಟದ ಜೊತೆಗೆ ವಿಡಿಯೊ ಎಡಿಟಿಂಗ್ ಮಾಡುವವರಿಗೂ ಅದು ಉಪಯುಕ್ತ. ಉಳಿದವರು ಆ ಹಣವನ್ನು ಗ್ರಾಫಿಕ್ಸ್ ಕಾರ್ಡ್‌ಗೆಂದು ಕೂಡಿಡಬಹುದು.

ಈ ಅಂಗಡಿಗೆ ಹೋಗುವವರು ಯಂತ್ರವನ್ನೇ ಒಯ್ಯಿರಿ, ತೊಂದರೆ ಕೊಡುತ್ತಿರುವ ಆಟ ಅದರಲ್ಲಿ ಇನ್‌ಸ್ಟಾಲ್ ಆಗಿಯೇ ಇರಲಿ. ಮಾನಿಟರ್, ಕೀಬೋರ್ಡ್ ಅಲ್ಲಿಯೇ ಇವೆ. ಸಂಜೆ ಆ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲವಾದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು.