ಗಂಗಾವತಿಯ ನಮ್ಮ ಓಣಿ ಸಹಕಾರಿ ಕಿರಾಣಿ ಅಂಗಡಿ: 4 ಸ್ಟಾರ್ ಕೊಡ್ತೀನಿ

2023ರಾಗ ರಾಜ್ಯದ 236 ತಾಲೂಕಿನಾಗ 223 ಬರ ಅಂತ ಡಿಕ್ಲೇರ್ ಆಗಿದ್ವು, ತುಂಗಭದ್ರಾ ಡ್ಯಾಮ್ ತುಂಬಲಿಲ್ಲ, ಅಂಥಾ ವರ್ಷದಾಗ ಓಣಿ ಮಂದಿ ಷೇರು ಹಾಕಿ ಅಂಗಡಿ ತೆಗೀತೀವಿ ಅಂದ್ರ ಯಾರ್ ನಂಬ್ತಾರ್ರಿ, ಆದ್ರೂ ತೆಗೆದ್ರು, ನಡೀಲಿಕ್ಕತ್ತೈತಿ.

ನಂಗ ಭಾಳ ಸೇರಿದ್ದು ಅಕ್ಕಿ. ಸೋನಾ ಮಸೂರಿ ಚೀಲ ಬಾಯಿ ತೆರೆದೇ ಇಟ್ಟಿರ್ತಾರ, ಕೈ ಹಾಕಿ ನುಚ್ಚು ಎಷ್ಟೈತಿ ನೋಡಬಹುದು, ಹೊಸದ್ಯಾವುದು ಹಳೇದ್ಯಾವುದು ಅಂತ ಸೀಮೆಸುಣ್ಣದಾಗ ಬರ್ದಿರ್ತಾರ. ಪಕ್ಕದ ಬೋರ್ಡಿನ್ಯಾಗ ರೈತರಿಗೆ ಕೊಟ್ಟ ರೇಟು, ನಮಗ ಮಾರೋ ರೇಟು ಎರಡೂ ಇರ್ತಾವ, ಇದನ್ನ ಯಾವ ಸೂಪರ್ ಮಾರ್ಕೆಟ್‌ನಾಗ ನೋಡೀರಿ ಹೇಳ್ರಿ?

ತೊಗರಿಬ್ಯಾಳಿ ಚಲೋ, ಜ್ವಾಳ ಓಕೆ. ಎಣ್ಣಿ ಮಾತ್ರ ತಿಂಗಳ ಕೊನಿಗೆ ಖಾಲಿ, ಮಧ್ಯಾಹ್ನ ಊಟಕ್ಕ ಶಟರ್ ಹಾಕ್ತಾರ.

ಉದ್ರಿ ಇಲ್ಲ. ಇದರ ಮ್ಯಾಲ ಸಭೆದಾಗ ದೊಡ್ಡ ಜಗಳನ ಆತು, ಬರಗಾಲದಾಗ ಉದ್ರಿ ಕೊಡದಿದ್ರ ಸಹಕಾರ ಏನ್ ಬಂತು ಅಂತ ಒಬ್ಬಾಕಿ ಅಜ್ಜಿ ಕೇಳಿದ್ಲು, ಖರೇನ ಐತಿ, ಆದ್ರ ಬಂಡವಾಳ ಮುಳುಗಿದ್ರ ಅಂಗಡಿನ ಇರಂಗಿಲ್ಲಲ್ಲ. ಷೇರು ಎಷ್ಟಿದ್ರೂ ಒಬ್ರಿಗೆ ಒಂದ ಓಟು, ಹಂಗಾಗಿ ದುಡ್ಡಿದ್ದವ್ರ ಆಟ ನಡೆಯಂಗಿಲ್ಲ. ಮೆಂಬರ್ ಆಗದಿದ್ರೂ ಸಾಮಾನು ಕೊಡ್ತಾರ, ಕೈಚೀಲ ಮನಿಯಿಂದ ತಗೊಂಡ್ ಹೋಗ್ರಿ.